ವಿಭೂತಿ ಹಚ್ಚಿದ ಕಂಪ್ರೆಸರುಗಳು

ಹೇರೋಹಳ್ಳಿಯ ನಮ್ಮ ರಸ್ತೆಗೆ ಟಾರು ಬೀಳುವ ಮೊದಲೇ ಅಮರೇಶ ಬಂದ. ಟಾರು ಬಂದದ್ದು ಆಮೇಲೆ, ಅದೂ ಅರ್ಧ ರಸ್ತೆಗೆ ಮಾತ್ರ. ನನ್ನ ಟೈಲರ್ ಅಂಗಡಿಯ ಪಕ್ಕದಲ್ಲಿ ಯಾರದೋ ಖಾಲಿ ಸೈಟಿತ್ತು. ಒತ್ತುವರಿ ಆಗದ ಹಾಗೆ ನೋಡಿಕೊಂಡರೆ ಸಾಕು, ಬಾಡಿಗೆ ಬೇಡ ಎಂದು ಸೈಟಿನವರು ಹೇಳಿದ್ದರಂತೆ. ಅಲ್ಲಿ ಶೀಟಿನ ಶೆಡ್ಡು ಹಾಕಿ, ಒಳಗೆ ಸಂಸಾರ, ಹೊರಗೆ ಕಸುಬು ಎಂದು ಶುರುಮಾಡಿದ. ಕಸುಬೆಂದರೆ ಹಳೇ ಫ್ರಿಜ್ಜುಗಳ ಕಂಪ್ರೆಸರ್ ಒಡೆದು ಒಳಗಿನ ತಾಮ್ರ ತೆಗೆಯುವುದು. ಫ್ರಿಜ್ಜಿನ ಹಿಂಭಾಗದಲ್ಲಿ, ನೆಲದ ಹತ್ತಿರ, ಕಪ್ಪಗೆ ಮಡಕೆಯ ಹಾಗೆ ಕೂತಿರುತ್ತದಲ್ಲ, ಅದು.

ನಾನು ಒಂದೇ ಸ್ಟೂಲಿನ ಮೇಲೆ ಕೂತು ಆಯುಷ್ಯವಿಡೀ ಬ್ಲೌಸು ಹೊಲಿದವನು. ಕೂತಲ್ಲಿ ಕೂರದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದರ ಮೇಲೆ ಈ ಸದ್ದು ಬೇರೆ. ಉಳಿ ಇಟ್ಟು ಸುತ್ತಿಗೆ ಬೀಸಿದರೆ ನನ್ನ ಮಷೀನಿನ ಸೂಜಿಯೇ ಅದುರುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರು ಕಿವಿ ಮುಚ್ಚಿಕೊಂಡು, ಏನಣ್ಣಾ ಇದು, ಕಮ್ಮಾರಸಾಲೆ ಪಕ್ಕ ಅಂಗಡಿ ಇಟ್ಟಿದೀರಾ ಎಂದು ನನ್ನನ್ನೇ ಬೈಯುತ್ತಿದ್ದರು. ನಾನು ಹೋಗಿ ಅಮರೇಶನ ಮೇಲೆ ರೇಗಿದರೆ ಅವನು ನಗುತ್ತಾ, ಆತ್ರಿ ಸರ, ಇದೊಂದು ಮುಗಿಸಿಬಿಡ್ತೀನಿ ಎನ್ನುತ್ತಿದ್ದ. ಇದೊಂದು ಎನ್ನುವುದು ಯಾವತ್ತೂ ಮುಗಿಯಲಿಲ್ಲ.

ಕೆಲಸದಲ್ಲಿ ಮಾತ್ರ ಅವನ ಕೈ ಚುರುಕು, ಅದನ್ನು ಒಪ್ಪಬೇಕು. ಬೆಸುಗೆಯ ಗೆರೆ ಹಿಡಿದು ಸುತ್ತ ಒಡೆದರೆ ಮೇಲಿನ ಚಿಪ್ಪು ತೆಂಗಿನ ಹೋಳಿನಂತೆ ಬೇರೆಯಾಗುತ್ತಿತ್ತು. ಎಣ್ಣೆ ಡಬ್ಬಕ್ಕೆ, ಕಬ್ಬಿಣ ಒಂದು ಮೂಲೆಗೆ. ಒಳಗಿನ ಸುರುಳಿಯನ್ನು ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆಯಿಂದ ಜಗ್ಗಿದರೆ ಕೆಂಪಗೆ ತಾಮ್ರ ಹೊರಬರುತ್ತಿತ್ತು. ತಾಮ್ರ ಕೈಗೆ ಬಂದ ಕ್ಷಣ ಅವನ ಮುಖ ನೋಡಬೇಕು, ಹಬ್ಬದೂಟ ಸಿಕ್ಕವನ ಹಾಗೆ. ಆ ಖುಷಿ ಒಂದು ಬೀಡಿಯಷ್ಟು ಹೊತ್ತೂ ಇರುತ್ತಿರಲಿಲ್ಲ. ಸುರುಳಿಯನ್ನು ಚೀಲಕ್ಕೆಸೆದು ಮುಂದಿನದಕ್ಕೆ ಕೈ ಹಾಕುತ್ತಿದ್ದ. ಊಟವನ್ನೂ ನಿಂತುಕೊಂಡೇ, ತಟ್ಟೆ ಕೈಯಲ್ಲಿ ಹಿಡಿದು, ರಸ್ತೆ ನೋಡುತ್ತಾ ಮಾಡುತ್ತಿದ್ದ.

ಲಿಂಗಸೂಗೂರಿನ ಕಡೆಯವನು. ಮನೆಯಲ್ಲಿ ಕಷ್ಟವಿತ್ತು ಎಂದು ಊರು ಬಿಟ್ಟವನಲ್ಲ, ಅದನ್ನು ಅವನೇ ಹೇಳುತ್ತಿದ್ದ. ಸುಮ್ಮನೆ ಬೇಸರವಾಯಿತಂತೆ, ಬಸ್ಸು ಹತ್ತಿದನಂತೆ. ಹುಬ್ಬಳ್ಳಿಯಲ್ಲಿ ಗ್ಯಾರೇಜು, ಆಮೇಲೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತು, ವಿಜಯನಗರದಲ್ಲಿ ಒಬ್ಬ ಫ್ರಿಜ್ ಮೆಕ್ಯಾನಿಕ್ಕಿನ ಹತ್ತಿರ ಕೆಲಸ, ಕೆಂಗೇರಿಯಲ್ಲಿ ಸ್ವಂತದ್ದೊಂದು ರಿಪೇರಿ ಅಂಗಡಿ. ಎಲ್ಲೇ ಆಗಲಿ, ಕೆಲಸ ಕೈಹತ್ತುವ ಹೊತ್ತಿಗೆ ಬೇಸರ ಬರುತ್ತಿತ್ತು. ಏನಾದರೂ ಕೆಟ್ಟರಂತೂ ಮುಗಿದೇ ಹೋಯಿತು, ಬೆಳಗಾಗುವುದರೊಳಗೆ ಗಂಟುಮೂಟೆ. ಈ ಎಲ್ಲ ಊರುಗಳಿಗೂ ಅವನ ಬೆನ್ನಿಗೆ ಹೋದವಳು ಹೆಂಡತಿ ಗುರುದೇವಿ.

ಮಕ್ಕಳಿರಲಿಲ್ಲ. ಗುರುದೇವಿ ಮೆತ್ತಗಿನ ಹೆಂಗಸು, ಆದರೆ ಅವಳ ಮಾತಿನಲ್ಲಿ ಸುತ್ತು ಬಳಸು ಇರುತ್ತಿರಲಿಲ್ಲ. ಒಮ್ಮೆ ರವಿಕೆಯ ತೋಳು ಬಿಗಿಯಾಯಿತು ಎಂದು ಬಿಚ್ಚಿಸಲು ಬಂದವಳು ಕಟ್ಟೆಯ ಮೇಲೆ ಕೂತು ಹೇಳಿದಳು. ಪ್ರತಿ ಊರಿನಲ್ಲೂ ಮೊದಮೊದಲು ಜನ ಅವಳನ್ನು ಗುಜರಿಯವಳು, ಶೆಡ್ಡಿನವಳು ಎನ್ನುತ್ತಾರೆ. ಹೆಸರು ಹಿಡಿದು ಕರೆಯಲು ಶುರುಮಾಡುವ ಹೊತ್ತಿಗೆ ಇವರು ಅಲ್ಲಿಂದ ಹೊರಟಿರುತ್ತಾರೆ.

"ಅಣ್ಣಾರ, ಇನ್ನ ಮ್ಯಾಲ ಗಂಟು ಕಟ್ಟೂದು ನನ್ನ ಕೈಲಿಂದ ಆಗಂಗಿಲ್ಲ," ಅಂದಳು. "ನಾ ಇಲ್ಲೇ ಇರಾಕಿ. ಅವರಿಗೆ ಹೆಂಗ ಹೇಳಬೇಕು ಅಂಬೋದಷ್ಟ ತಿಳೀವಲ್ದು."

ಗಂಡನಿಗೆ ಬುದ್ಧಿ ಹೇಳೋಣವೆಂದರೆ ಅವನು ನಿಲ್ಲಬೇಕಲ್ಲ. ತೋಳು ಬಿಚ್ಚಿ, ಸಡಿಲ ಬಿಟ್ಟು ಹೊಲಿದುಕೊಟ್ಟೆ.

ಆ ವರ್ಷಗಳಲ್ಲಿ ತಾಮ್ರಕ್ಕೆ ಬಂದ ಬೆಲೆ ಒಂದು ಹುಚ್ಚು. ಕರೆಂಟು ವೈರು, ಬೋರ್‌ವೆಲ್ಲಿನ ಮೋಟರು, ಗೃಹಪ್ರವೇಶಕ್ಕೆ ಬಂದ ಹಂಡೆ, ಎಲ್ಲವೂ ಗುಜರಿಯ ದಾರಿ ಹಿಡಿದವು. ಬಸವೇಶ್ವರನಗರ, ರಾಜಾಜಿನಗರದ ಮನೆಗಳಲ್ಲಿ ಎರಡು ಬಾಗಿಲಿನ ಹೊಸ ಫ್ರಿಜ್ಜು ಬಂದು ಹಳೆಯವು ಗೇಟಿನಾಚೆ ನಿಲ್ಲುತ್ತಿದ್ದವು. ಅಮರೇಶ ಹಳೇ ಲೂನಾದ ಹಿಂದೆ ಕಂಪ್ರೆಸರುಗಳನ್ನು ಕಟ್ಟಿಕೊಂಡು ದಿನಕ್ಕೆ ನಾಲ್ಕಾರು ಸಲ ಬಂದುಹೋಗುತ್ತಿದ್ದ. ಕೆಟ್ಟದ್ದು, ಚೆನ್ನಾಗಿದ್ದದ್ದು ಎಂಬ ಭೇದವಿಲ್ಲ, ಎಲ್ಲವನ್ನೂ ಒಡೆಯುವುದೇ. ಓಡುತ್ತಿರುವ ಕಂಪ್ರೆಸರನ್ನೂ ಒಡೆಯುತ್ತೀಯಲ್ಲೋ ಮಾರಾಯ, ರಿಪೇರಿ ಮಾಡಿ ಮಾರಬಾರದೇ ಎಂದು ನಾನೇ ಕೇಳಿದ್ದೆ. ರಿಪೇರಿಯೆಂದರೆ ಒಂದೇ ಮನೆಗೆ ಹತ್ತು ಸಲ ತಿರುಗುವುದು, ಒಡೆದರೆ ಒಂದೇ ಸಲಕ್ಕೆ ಮುಗಿಯಿತು ಎಂಬುದು ಅವನ ವಾದ.

ಗುರುದೇವಿಗೆ ಬೇಕಾಗಿದ್ದದ್ದು ಸರಿಯಾಗಿ ಅದೇ, ಒಂದೇ ಮನೆಗೆ ಹತ್ತು ಸಲ ತಿರುಗುವುದು. ಒಡೆದ ಕಂಪ್ರೆಸರಿಗೆ ನೆಂಟರಿಲ್ಲ. ರಿಪೇರಿ ಮಾಡಿದ ಫ್ರಿಜ್ಜಿಗೆ ಒಂದು ಮನೆ ಇರುತ್ತದೆ, ಆ ಮನೆಯವರು ಮತ್ತೆ ಕರೆಯುತ್ತಾರೆ, ಪಕ್ಕದವರಿಗೆ ಹೇಳುತ್ತಾರೆ. ಹಾಗೆ ನಾಲ್ಕು ಮನೆ ಕಟ್ಟಿಹಾಕಿದರೆ ಗಂಡ ಇಲ್ಲಿಂದ ಏಳಲಾರ ಎಂದು ಅವಳ ಲೆಕ್ಕ. ಶೆಡ್ಡಿನ ಮುಂದೆ ಫ್ರಿಜ್ ರಿಪೇರಿ ಎಂದು ಬರೆಸಿದ ತಗಡು ತೂಗುಹಾಕಿದಳು. ಕಾಡಿ ಬೇಡಿ ಗಂಡನನ್ನು ಒಪ್ಪಿಸಿದಳು. ಮೊದಲ ಗಿರಾಕಿಯನ್ನೂ ಅವಳೇ ಕರೆತಂದಳು.

ಗಿರಾಕಿ ಎದುರು ಮನೆಯ ಪುಟ್ಟಲಕ್ಷ್ಮಿ. ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಮಾರುವವಳು. ಗಂಡ ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಿದ್ದ, ಮನೆ ನಡೆಯುತ್ತಿದ್ದದ್ದು ಹಿಟ್ಟಿನಿಂದ. ನಾಗರಬಾವಿಯ ರೂಮುಗಳಲ್ಲಿರುವ ಕಾಲೇಜು ಹುಡುಗರಿಂದ ಹಿಡಿದು ನಮ್ಮ ಬೀದಿಯ ಮೇಷ್ಟರ ಮನೆಯವರೆಗೆ ಎಲ್ಲರೂ ಅವಳ ಹಿಟ್ಟಿಗೇ ಒಗ್ಗಿದ್ದರು. ಮುಂದಿನ ವರಾಂಡದಲ್ಲಿ ಒಂದು ಹಳೇ ಫ್ರಿಜ್ಜು, ಅದೇ ಅವಳ ಅಂಗಡಿ. ಆ ಫ್ರಿಜ್ಜು ಆಯುಧಪೂಜೆಗೆ ನಾಲ್ಕು ದಿನ ಇರುವಾಗ ತಣ್ಣಗಾಗುವುದನ್ನು ನಿಲ್ಲಿಸಿತು.

ಅಮರೇಶ ಹೋಗಿ ನೋಡಿದ. ಒಳಗಿನ ಕೊಳವೆ ತೂತಾಗಿ ಗ್ಯಾಸು ಹೋಗಿತ್ತು, ಕಂಪ್ರೆಸರಿಗೆ ಏನೂ ಆಗಿರಲಿಲ್ಲ. ಕೊಳವೆ ಬದಲಿಸುವಾಗ ಎಣ್ಣೆಯನ್ನೂ ಬದಲಿಸಿಬಿಡುತ್ತೇನೆ ಎಂದು ಕಂಪ್ರೆಸರ್ ಬಿಚ್ಚಿ ಶೆಡ್ಡಿಗೆ ತಂದ. ಪೂಜೆಯ ಮಾರನೆಯ ದಿನ ಕೂಡಿಸಿಕೊಡುತ್ತೇನೆ, ಅಲ್ಲಿಯವರೆಗೆ ರುಬ್ಬುವುದು ನಿಲ್ಲಿಸಿ ಎಂದು ಮಾತು ಕೊಟ್ಟ. ಒಡೆಯುವ ರಾಶಿಯಲ್ಲಿ ಬೆರೆತುಹೋಗಬಾರದೆಂದು ಅದರ ನೆತ್ತಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುಣಾಕಾರದ ಗುರುತು ಹಾಕಿ ಗೋಡೆಯ ಬದಿಗಿಟ್ಟ. ಗುರುತು ಹಾಕಿದ್ದನ್ನಾಗಲಿ, ಅದು ಯಾರದೆಂಬುದನ್ನಾಗಲಿ ಹೆಂಡತಿಗೆ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

2008ರ ಆಯುಧಪೂಜೆ ಬಂತು. ನನಗದು ಉಸಿರು ಬಿಡಲು ಪುರುಸೊತ್ತಿಲ್ಲದ ಕಾಲ, ಪೂಜೆಗೆಂದು ಮಷೀನು ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಕ್ಕದಲ್ಲಿ ಗುರುದೇವಿ ಬೆಳಗಿನಿಂದಲೇ ಸೊಂಟ ಕಟ್ಟಿ ನಿಂತಿದ್ದಳು. ಸುತ್ತಿಗೆ, ಉಳಿ, ಇಕ್ಕಳ, ಲೂನಾ ತೊಳೆದಾಯಿತು. ಆಮೇಲೆ ಕಂಪ್ರೆಸರುಗಳ ರಾಶಿಗೆ ಕೈ ಹಾಕಿದಳು. ಎಣ್ಣೆ ಜಿಡ್ಡಿನ ಮೇಲೆ ವಿಭೂತಿ ನಿಲ್ಲುವುದಿಲ್ಲವೆಂದು ಒಂದೊಂದನ್ನೂ ಸೋಪಿನ ನೀರಿನಲ್ಲಿ ತಿಕ್ಕಿ, ಒರೆಸಿ, ಸಾಲಾಗಿ ಜೋಡಿಸಿ, ಪ್ರತಿಯೊಂದರ ನೆತ್ತಿಗೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕುಂಕುಮವಿಟ್ಟಳು, ಚೆಂಡುಹೂ ಏರಿಸಿದಳು. ಸಾಲಿನಲ್ಲಿ ಜಾಗ ಉಳಿಯಿತೆಂದು ಗೋಡೆಯ ಬದಿಗಿದ್ದದ್ದನ್ನೂ ತಂದು ಕೂರಿಸಿದಳು.

ನಾನು ಕೀಟಲೆ ಮಾಡಿದೆ. ನಾಳೆ ತಲೆ ಒಡೆಯುವ ಕುರಿಗಳಿಗೆ ಇವತ್ತು ಪೂಜೆಯೇನಮ್ಮಾ ಎಂದೆ. ಅನ್ನ ಹಾಕುವುದು ಸುತ್ತಿಗೆಯೊಂದೇ ಅಲ್ಲ ಅಣ್ಣಾ, ಒಡೆಸಿಕೊಳ್ಳುವುದೂ ಹಾಕುತ್ತದೆ ಎಂದಳು. ಬಾಯಿ ಮುಚ್ಚಿಕೊಂಡು ಅವಳು ಕೊಟ್ಟ ಹೋಳಿಗೆ ತಿಂದೆ. ಸಾಲಾಗಿ ಕೂತ ಆ ಕರಿ ಗುಂಡುಗಳು ನಿಜಕ್ಕೂ ಲಕ್ಷಣವಾಗಿ ಕಾಣುತ್ತಿದ್ದವು.

ಸಾಯಂಕಾಲ ಅಮರೇಶನಿಗೆ ಫೋನು ಬಂತು. ಅವನ ತಾಮ್ರ ಕೊಳ್ಳುತ್ತಿದ್ದವನು ಸುಂಕದಕಟ್ಟೆಯ ಗುಜರಿ ಮುನಿವೆಂಕಟಪ್ಪ. ತಾಮ್ರದ ರೇಟು ದಿನದಿಂದ ದಿನಕ್ಕೆ ಬೀಳುತ್ತಿದೆ, ಎಲ್ಲಿಗೆ ಹೋಗಿ ನಿಲ್ಲುತ್ತದೋ ಗೊತ್ತಿಲ್ಲ, ಇದ್ದಬದ್ದದ್ದನ್ನೆಲ್ಲ ಬೆಳಿಗ್ಗೆಯೇ ತಂದುಹಾಕು ಎಂದನಂತೆ. ಕೈಯಲ್ಲಿದ್ದ ಹಣವನ್ನೆಲ್ಲ ಆ ರಾಶಿಗೆ ಸುರಿದಿದ್ದ ಅಮರೇಶ ಫೋನು ಜೇಬಿಗಿಡುವ ಮೊದಲೇ ಸುತ್ತಿಗೆಯ ಮೇಲಿನ ಹೂ ಕಿತ್ತೆಸೆದ.

ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ವಿಜಯದಶಮಿಯಲ್ಲದೆ ಮುಟ್ಟುವುದಿಲ್ಲ. ನಾನು ಎಷ್ಟೇ ಕೆಲಸವಿದ್ದರೂ ಆವತ್ತು ಕತ್ತರಿ ಹಿಡಿಯುವವನಲ್ಲ. ಗುರುದೇವಿ ಅಡ್ಡ ನಿಂತಳು. ಒಂದು ಹಗಲು, ಒಂದು ರಾತ್ರಿ ಸುಮ್ಮನಿದ್ದರೆ ಏನು ಮುಳುಗುತ್ತದೆ ಎಂದಳು. ನಾಳೆ ಬರುವ ಹೊತ್ತಿಗೆ ಎಲ್ಲಾ ಮುಳುಗಿರುತ್ತದೆ ಎಂದು ಅವಳನ್ನು ಸರಿಸಿ ಕೂತ. ವಿಭೂತಿ ಹಚ್ಚಿದ ನೆತ್ತಿಗಳ ಮೇಲೆ ಸುತ್ತಿಗೆ ಬೀಳತೊಡಗಿತು. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರ, ಈಗ ಒಂದೇ ಅಲಂಕಾರ ಬೇರೆ. ನಾನು ಅಂಗಡಿ ಬಾಗಿಲೆಳೆದು ಮನೆಗೆ ಹೋಗುವಾಗ ಅರ್ಧ ಸಾಲು ಮುಗಿದಿತ್ತು.

ಬೆಳಿಗ್ಗೆ ಅವನು ಚೀಲ ಹೊತ್ತು ಸುಂಕದಕಟ್ಟೆಗೆ ಹೋಗಿ, ಸಿಕ್ಕಷ್ಟಕ್ಕೆ ಕೊಟ್ಟು ಬಂದ. ಬಂದವನಿಗೆ ಪುಟ್ಟಲಕ್ಷ್ಮಿ ಎದುರಾಗಿ, ಇವತ್ತು ಫ್ರಿಜ್ ಕೂಡಿಸ್ತೀರಲ್ವಾ, ಸಂಜೆಗೆ ಅಕ್ಕಿ ನೆನೆಹಾಕಿಬಿಡ್ತೀನಿ ಎಂದಳು. ಹೂಂ ಎಂದ. ಶೆಡ್ಡಿನೊಳಗೆ ಹೋಗಿ ಗೋಡೆಯ ಬದಿ ನೋಡಿದ. ಆಮೇಲೆ ಕಬ್ಬಿಣದ ಚಿಪ್ಪುಗಳ ರಾಶಿಯನ್ನು ಎರಡೂ ಕೈಯಿಂದ ಕೆದಕಿದ. ಅವನ ದನಿ ನನ್ನ ಅಂಗಡಿಯವರೆಗೂ ಕೇಳಿತು. ಗುರುತು ಹಾಕಿದ್ದೆನಲ್ಲ, ಯಾರು ತೊಳೆಯಲು ಹೇಳಿದರು ಎಂದು ಅವನು. ಗುರುತು ಹಾಕಿದವರಿಗೆ ಬಾಯಿರಲಿಲ್ಲವೇ, ಹಬ್ಬದ ದಿನ ಯಾರು ಒಡೆಯಲು ಹೇಳಿದರು ಎಂದು ಅವಳು. ಗಂಡನ ಮುಂದೆ ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಬ್ಬರದೂ ಸರಿಯೇ ಆಗಿತ್ತು, ಅದೇ ಫಜೀತಿ.

ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಇಲ್ಲಿ ಬೇರು ಬಿಡಲೆಂದು ತಾನೇ ತಂದ ಮೊದಲ ಕೆಲಸ, ತನ್ನ ಕೈಯಲ್ಲೇ ತೊಳೆದುಹೋಗಿತ್ತು. ಬೇರೆ ಕಂಪ್ರೆಸರ್ ಹಾಕೋಣವೆಂದರೆ ರಾಶಿಯಲ್ಲಿ ಇಡಿಯಾಗಿ ಒಂದೂ ಉಳಿದಿರಲಿಲ್ಲ. ಹೊಸದು ತರಲು ತಾಮ್ರಕ್ಕೆ ಸಿಕ್ಕ ಕಾಸು ಸಾಲುತ್ತಿರಲಿಲ್ಲ. ಅಮರೇಶನ ಕಣ್ಣು ಆಗಲೇ ರಸ್ತೆಯ ತುದಿಗೆ ಹೋಗಿತ್ತು.

ಗುರುದೇವಿ ಸೆರಗು ಸರಿಮಾಡಿಕೊಂಡು ಎದುರು ಮನೆಗೆ ಹೋದಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಪುಟ್ಟಲಕ್ಷ್ಮಿ ಸಾಮಾನ್ಯದವಳಲ್ಲ, ವರಾಂಡದಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಬೈದಳು. ಹಬ್ಬದ ವಾರ, ಗಿರಾಕಿಗಳು ಪಕ್ಕದ ಬೀದಿಯ ಹಿಟ್ಟಿಗೆ ಹೋಗಿಬಿಟ್ಟರೆ ತಿರುಗಿ ಬರುತ್ತಾರಾ ಎಂದಳು. ಗುರುದೇವಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ ಒಳಗೆ ಹೋಗಿ ಗ್ರೈಂಡರಿನ ಮುಂದೆ ಕೂತಳು. ಫ್ರಿಜ್ಜಿಲ್ಲದಿದ್ದರೆ ಹಿಟ್ಟನ್ನು ಒಮ್ಮೆಗೇ ರುಬ್ಬಿಡಬಾರದು, ಉಬ್ಬಿ ಹುಳಿಯಾಗುತ್ತದೆ. ಸ್ವಲ್ಪ ಸ್ವಲ್ಪ ರುಬ್ಬಿ ಆಗಾಗಲೇ ಮಾರಬೇಕು, ಅದಕ್ಕೆ ಇನ್ನೊಂದು ಜೊತೆ ಕೈ ಬೇಕು. ಆ ಕೈ ತನ್ನದೆಂದಳು. ಪುಟ್ಟಲಕ್ಷ್ಮಿ ಬೇಡ ಎನ್ನಲಿಲ್ಲ.

ಹೀಗೆ ಮೂರ್ನಾಲ್ಕು ದಿನ ನಡೆಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಿಟ್ಟು. ಗುರುದೇವಿ ಪಾತ್ರೆ ಹಿಡಿದು ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಮೇಷ್ಟರ ಹೆಂಡತಿ ಅವಳ ಹೆಸರು ಕೇಳಿದಳಂತೆ. ಅದನ್ನು ನನಗೆ ಹೇಳುವಾಗ ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಕಂಡೆ.

ಅಮರೇಶನಿಗೆ ಇದ್ಯಾವುದೂ ಬೇಕಿರಲಿಲ್ಲ. ತಾಮ್ರ ಇನ್ನೂ ಬಿತ್ತು. ಶೆಡ್ಡಿಗೂ ಬೀದಿಯ ಮೂಲೆಗೂ ಸುಮ್ಮನೆ ಓಡಾಡುತ್ತಿದ್ದ, ಬೋರ್ಡಿನ ತಗಡನ್ನು ಬಿಚ್ಚಿದ, ಮತ್ತೆ ಕಟ್ಟಿದ. ಹೊಸಪೇಟೆಯ ಕಡೆ ಗಣಿ ಲಾರಿಗಳಿಗೆ ಗ್ಯಾರೇಜು ಹಾಕುತ್ತಿರುವ ಪರಿಚಯದವನೊಬ್ಬ ಸಿಕ್ಕ, ಅಲ್ಲಿಗೆ ಕೆಲಸಕ್ಕೆ ಕರೆದ. ಭಾನುವಾರ ಬೆಳಿಗ್ಗೆ ಒಂದು ಲಗೇಜ್ ಆಟೋ ಬಂದು ಶೆಡ್ಡಿನ ಮುಂದೆ ನಿಂತಿತು. ಸುತ್ತಿಗೆ, ಸಿಲಿಂಡರು, ಹಾಸಿಗೆ, ಪಾತ್ರೆಯ ಚೀಲ, ಎಲ್ಲವನ್ನೂ ಅವನೇ ಹೇರಿದ. ಹೇರಿಯಾದ ಮೇಲೆ ಎದುರು ಮನೆಯ ಗೇಟಿಗೆ ಹೋಗಿ ಹೆಂಡತಿಯನ್ನು ಕರೆದ. ಗುರುದೇವಿ ವರಾಂಡದ ಅಂಚಿಗೆ ಬಂದಳು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು.

"ನೀವು ಹೋಗ್ರಿ," ಅಂದಳು. "ನಾ ಬರಂಗಿಲ್ಲ."

ಅವನಿಗೆ ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಅರ್ಥವಾಗದವನ ಹಾಗೆ ನಿಂತಿದ್ದ. ಆಟೋದವನು ಹಾರನ್ ಒತ್ತಿದ. ಅಮರೇಶ ಹೋಗಿ ಹಾಸಿಗೆಯೊಂದನ್ನೂ ಪಾತ್ರೆಯ ಚೀಲವನ್ನೂ ಇಳಿಸಿ ಶೆಡ್ಡಿನೊಳಗಿಟ್ಟು ಬಂದು ಆಟೋ ಹತ್ತಿದ. ನನಗೆ ಮೈಯೆಲ್ಲ ಉರಿಯಿತು. ಇಂಥವನನ್ನು ಎಳೆದು ಎರಡು ಬಾರಿಸುವವರಿಲ್ಲವೇ ಎನಿಸಿತು. ಆದರೆ ಬಾರಿಸಿ ಕೂರಿಸಿದರೆ ಎಷ್ಟು ದಿನ ಕೂತಾನು.

ದೀಪಾವಳಿ ಕಳೆಯಿತು. ಗುರುದೇವಿ ಹಿಟ್ಟು ರುಬ್ಬುತ್ತಿದ್ದಳು, ಶೆಡ್ಡಿನಲ್ಲಿ ಒಬ್ಬಳೇ ಇರುತ್ತಿದ್ದಳು. ಪುಟ್ಟಲಕ್ಷ್ಮಿಯ ಬೈಗುಳ ಯಾವಾಗಲೋ ನಿಂತು, ಇಬ್ಬರೂ ಒಂದೇ ತಟ್ಟೆಯಿಂದ ಉಪ್ಪಿನಕಾಯಿ ನೆಕ್ಕುವಷ್ಟು ಹತ್ತಿರವಾಗಿದ್ದರು. ಬಂದ ಲಾಭದಲ್ಲಿ ಇವಳಿಗೂ ಪಾಲಿತ್ತು. ಪಕ್ಕದ ಶೆಡ್ಡಿನಲ್ಲಿ ಸದ್ದಿಲ್ಲ. ನೆಮ್ಮದಿಯಾಗಿ ಹೊಲಿಯಬಹುದಿತ್ತು, ಆದರೆ ನಾನು ಗಳಿಗೆಗೊಮ್ಮೆ ತಲೆ ಎತ್ತಿ ಅತ್ತ ನೋಡುತ್ತಿದ್ದೆ. ಅವನ ರೋಗ ನನಗೂ ಅಂಟಿತೋ ಏನೋ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಅಮರೇಶ ಬಂದ. ಹೆಗಲಿನ ಮೇಲೆ ಗೋಣಿಚೀಲ, ಅದರೊಳಗೊಂದು ಕಂಪ್ರೆಸರು. ಇನ್ನೊಂದು ಕೈಯಲ್ಲಿ ಹೊಸ ಕೊಳವೆಯ ಸುರುಳಿ. ಹಿಂದೆ ಆಟೋದಲ್ಲಿ ಗ್ಯಾಸಿನ ಡಬ್ಬ, ಬೆಸುಗೆಯ ಸಾಮಾನು. ಮೈ ಇಳಿದುಹೋಗಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ಯಾರನ್ನೂ ಮಾತಾಡಿಸದೆ ಪುಟ್ಟಲಕ್ಷ್ಮಿಯ ವರಾಂಡಕ್ಕೆ ಹೋಗಿ ಫ್ರಿಜ್ಜನ್ನು ತಿರುಗಿಸಿ ಕೆಲಸಕ್ಕೆ ಕೂತ. ನಾನೂ ಹಿಟ್ಟು ಕೊಳ್ಳುವ ನೆಪ ಮಾಡಿ ಹೋಗಿ ನಿಂತೆ. ಕೊಳವೆ ಕೂಡಿಸಿದ, ಬೆಸೆದ, ಸೋಪಿನ ನೊರೆ ಹಚ್ಚಿ ಎಲ್ಲಾದರೂ ಸೋರುತ್ತದೆಯೇ ನೋಡಿದ, ಗ್ಯಾಸು ತುಂಬಿದ. ಅವನು ಇಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಸ್ವಿಚ್ಚು ಹಾಕಿದಾಗ ಫ್ರಿಜ್ಜು ಸಣ್ಣಗೆ ನಡುಗಿ ಗುನುಗಿತು. ಪುಟ್ಟಲಕ್ಷ್ಮಿ ಕೈ ಮುಗಿದಳು.

ಗುರುದೇವಿ ಬಾಗಿಲಿಗೊರಗಿ ನಿಂತು ಎಲ್ಲವನ್ನೂ ನೋಡಿದ್ದಳು. ಅಮರೇಶ ಕೈ ಒರೆಸಿಕೊಂಡು ಅವಳತ್ತ ತಿರುಗಿದ. ಅವನ ಮುಖ ಹಗುರವಾಗಿತ್ತು, ಹೊರಡುವ ಮುನ್ನ ಅವನ ಮುಖ ಯಾವಾಗಲೂ ಹಾಗೇ ಇರುತ್ತಿತ್ತು.

"ಅವರ ಋಣ ತೀರಿತು," ಅಂದ. "ಇನ್ನ ನಡಿ. ಅಲ್ಲೊಂದು ಖೋಲಿ ನೋಡೀನಿ."

ಆಗ ನನಗೆ ಗೊತ್ತಾಯಿತು. ಹೆಂಡತಿ ಈ ಫ್ರಿಜ್ಜಿನ ಋಣಕ್ಕೆ ಕಟ್ಟುಬಿದ್ದು ನಿಂತಿದ್ದಾಳೆ ಎಂದು ಅವನು ನಂಬಿದ್ದ. ಇಷ್ಟು ದಿನ ಅಲ್ಲಿ ದುಡಿದದ್ದು, ಉಳಿಸಿದ್ದು, ಹುಡುಕಾಡಿ ಈ ಕಂಪ್ರೆಸರ್ ತಂದದ್ದು, ಎಲ್ಲವೂ ಅವಳನ್ನು ಬಿಡಿಸಿಕೊಂಡು ಹೋಗಲು. ಮೊದಲ ಸಲ ಅವನನ್ನು ಕಂಡು ನನಗೆ ಅಯ್ಯೋ ಎನಿಸಿತು.

ಗುರುದೇವಿ ಅವನ ಕೈಗೆ ಮೆತ್ತಿದ್ದ ಮಸಿಯನ್ನು ನೋಡಿದಳು, ಒಂದು ಹೆಜ್ಜೆ ಮುಂದೆ ಬಂದವಳು ನಿಂತಳು.

"ಫ್ರಿಜ್ಜಿನ ಸಲುವಾಗಿ ನಿಂತೀನಿ ಅಂತ ತಿಳದೀರೇನು?" ಅಂದಳು. "ಅದು ಕೆಡದಿದ್ರೂ ನಾ ಬರ್ತಿದ್ದಿಲ್ಲ. ನನ್ನ ಸಲುವಾಗಿ ನಿಂತೀನ್ರಿ. ನೀವರ ಇಲ್ಲಿರ್ರಿ. ಇರಾಕ ಆಗ್ತದೇನು?"

ಅಮರೇಶ ನೆಲ ನೋಡಿದ. ಆಗುತ್ತದೆ ಎಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಉಳಿ, ಇಕ್ಕಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ಪುಟ್ಟಲಕ್ಷ್ಮಿ ಕಾಫಿ ತಂದಳು, ಅದನ್ನು ನಿಂತೇ ಕುಡಿದು ಲೋಟ ಕೆಳಗಿಟ್ಟ. ಗೇಟಿನವರೆಗೆ ಹೋದವನು ತಿರುಗಿ, ಹೆಂಡತಿಯನ್ನಲ್ಲ, ಫ್ರಿಜ್ಜನ್ನು ನೋಡುತ್ತಾ ಮಾತಾಡಿದ.

"ಸಂಜಿ ತನಕ ಬಾಗಲಾ ತಗೀಬ್ಯಾಡ್ರಿ. ಒಳಗ ತಣ್ಣಗಾಗಬೇಕದು."

ಆಯಿತು ಎಂದಳು ಗುರುದೇವಿ. ಆಟೋ ಹೋಯಿತು. ಸ್ವಲ್ಪ ಹೊತ್ತಿಗೆ ಪುಟ್ಟಲಕ್ಷ್ಮಿ ರುಬ್ಬಿದ ಹಿಟ್ಟಿನ ಪಾತ್ರೆ ತಂದು ಫ್ರಿಜ್ಜಿನ ಹಿಡಿಕೆಗೆ ಕೈ ಹಾಕಿದಳು. ಗುರುದೇವಿ ಅವಳ ಕೈ ಹಿಡಿದಳು. ಸಂಜೆಯವರೆಗೆ ತೆಗೆಯಬೇಡಿ ಅಂದಿದ್ದಾರೆ ಎಂದಳು. ಹೇಳಿ, ಹಿಡಿದ ಕೈ ಬಿಡದೆ, ಅಲ್ಲೇ ನಿಂತು ಅತ್ತಳು.